ದಂಡ ಕಟ್ಟಿದರೂ ಮುಗಿಯದ ಕೇಸು

1988ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಗೆಳೆಯನೊಬ್ಬನ ವಿಚಾರಕ್ಕೆ ಶುರುವಾದ ಜಗಳದಲ್ಲಿ ಯುವತಿಯೊಬ್ಬರು ಇನ್ನೊಬ್ಬಾಕೆಯ ಕೂದಲು ಹಿಡಿದೆಳೆದರು. ನಮ್ಮ ಕಡೆ ನಲ್ಲಿಕಟ್ಟೆಯ ಹತ್ತಿರ ನಡೆದು, ಸಂಜೆಯೊಳಗೆ ಹಿರಿಯರು ನಾಲ್ಕು ಮಾತು ಬೈದು ಮುಗಿಸುವಂಥ ಜಡೆಜಗಳ. ಅಲ್ಲಿ ಕೇಸಾಯಿತು. ಯುವತಿ ತಪ್ಪೊಪ್ಪಿಕೊಂಡರು. ನ್ಯಾಯಾಲಯ ಒಂದು ವರ್ಷದ ಶಿಕ್ಷೆ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟಿತು. ಜೈಲಿಗೆ ಹೋಗದೆ ಅವರು ಮನೆಗೆ ಮರಳಿದರು, ಸಂಸಾರ ಕಟ್ಟಿಕೊಂಡರು, ಮಕ್ಕಳಾದವು. 1999ರಲ್ಲಿ ಪೌರತ್ವಕ್ಕೆ ಅರ್ಜಿ ಹಾಕಿದರೆ ಉತ್ತರವಾಗಿ ಬಂದದ್ದು ಗಡೀಪಾರಿನ ನೋಟಿಸು. ಅವರು ಹುಟ್ಟಿದ್ದು ಜರ್ಮನಿಯಲ್ಲಿ. ಎಳೆಗೂಸಾಗಿದ್ದಾಗಲೇ ಜಾರ್ಜಿಯಾದ ದಂಪತಿ ದತ್ತು ಪಡೆದು ಕರೆತಂದಿದ್ದರು. 2000ದಲ್ಲಿ ಆ ರಾಜ್ಯದ ಕ್ಷಮಾದಾನ ಮಂಡಳಿ ಹಳೆಯ ಅಪರಾಧಕ್ಕೆ ಕ್ಷಮೆ ನೀಡಿದ್ದರಿಂದ ಮಾತ್ರ ಅವರು ತಮ್ಮ ಮನೆಯಲ್ಲಿ ಉಳಿದರು.

ಕೂದಲೆಳೆದಾಗ ಗಡೀಪಾರಿನ ಮಾತೇ ಇರಲಿಲ್ಲ. ಅದು ಹುಟ್ಟಿಕೊಂಡದ್ದು ಎಂಟು ವರ್ಷದ ನಂತರ. ಅಮೆರಿಕದ ವಲಸೆ ಕಾನೂನಿನಲ್ಲಿ ‘ಅಗ್ರವೇಟೆಡ್ ಫೆಲನಿ’ ಎಂಬ ಒಂದು ಪಟ್ಟಿಯಿದೆ. 1988ರಲ್ಲಿ ಅದನ್ನು ಮೊದಲು ಬರೆದಾಗ ಅದರಲ್ಲಿದ್ದದ್ದು ಕೊಲೆ, ಮಾದಕ ವಸ್ತುಗಳ ಸಾಗಣೆ ಮತ್ತು ಶಸ್ತ್ರಾಸ್ತ್ರ ಸಾಗಣೆ. 1996ರಲ್ಲಿ, ಚುನಾವಣೆಯ ವರ್ಷದಲ್ಲಿ, ಅಧ್ಯಕ್ಷ ಬಿಲ್ ಕ್ಲಿಂಟನ್ ಏಪ್ರಿಲ್‌ನಲ್ಲೊಂದು, ಸೆಪ್ಟೆಂಬರ್‌ನಲ್ಲೊಂದು ಕಾನೂನಿಗೆ ಸಹಿ ಹಾಕಿದರು. ಪಟ್ಟಿ ಉದ್ದವಾಯಿತು. ಕಳ್ಳತನಕ್ಕೋ ಹೊಡೆದಾಟಕ್ಕೋ ಐದು ವರ್ಷ ಶಿಕ್ಷೆಯಾಗಿದ್ದರೆ ಪಟ್ಟಿಗೆ ಸೇರುತ್ತದೆ ಎಂದಿದ್ದದ್ದು ಒಂದು ವರ್ಷಕ್ಕೆ ಇಳಿಯಿತು. ಶಿಕ್ಷೆ ಅಮಾನತಿನಲ್ಲಿದ್ದರೂ ಲೆಕ್ಕಕ್ಕುಂಟು. ರಾಜ್ಯದ ಕಾನೂನಿನಲ್ಲಿ ಕಿರು ಅಪರಾಧ ಎನಿಸಿಕೊಂಡದ್ದೂ ಈ ಪಟ್ಟಿಯಲ್ಲಿ ಘೋರವಾಗಬಹುದು. ಎಲ್ಲಕ್ಕಿಂತ ಕಠೋರವಾದದ್ದು, ಹಳೆಯ ಕೇಸುಗಳಿಗೂ ಹೊಸ ನಿಯಮ ಅನ್ವಯಿಸಿತು. ಗ್ರೀನ್ ಕಾರ್ಡ್ ಇದ್ದವರ ಹೆಸರು ಒಮ್ಮೆ ಈ ಪಟ್ಟಿಗೆ ತಗುಲಿತೆಂದರೆ, ಎಷ್ಟು ವರ್ಷದಿಂದ ಇದ್ದಾರೆ, ಮಕ್ಕಳು ಅಲ್ಲೇ ಹುಟ್ಟಿದವರೇ ಎಂಬುದನ್ನೆಲ್ಲ ತೂಗಿ ನೋಡಿ ಗಡೀಪಾರು ರದ್ದುಮಾಡುವ ಅಧಿಕಾರ ವಲಸೆ ನ್ಯಾಯಾಧೀಶರ ಕೈಯಿಂದ ಹೋಗುತ್ತದೆ.

ಇದನ್ನು ಕನ್ನಡದ ಓದುಗರಿಗೆ ಏಕೆ ಹೇಳಬೇಕು ಎಂದರೆ, ಮಗನೋ ಮಗಳೋ ಅಮೆರಿಕದಲ್ಲಿರುವ ಮನೆ ಈಗ ಬೆಂಗಳೂರು, ಮೈಸೂರುಗಳಲ್ಲಿ ಮಾತ್ರವಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತದೆ. ಜಮೀನು ಅಡವಿಟ್ಟು, ಬ್ಯಾಂಕಿನಲ್ಲಿ ಸಾಲ ತೆಗೆದು ಕಳಿಸಿದ ಮಕ್ಕಳು ಅವರು. ಅಲ್ಲಿ ಏನಾದರೂ ಎಡವಟ್ಟಾದಾಗ ನಾವು ಹೇಳುವ ಬುದ್ಧಿಮಾತು ಒಂದೇ: ‘ಫೈನ್ ಕಟ್ಟಿ ಮುಗಿಸಿಬಿಡು, ಕೋರ್ಟಿಗೆ ಅಲೆಯುವುದು ಯಾಕೆ?’ ಅಮೆರಿಕದ ಪ್ರಜೆಗೆ ಅದು ಸರಿಯಾದ ಮಾತೇ ಇರಬಹುದು. ವೀಸಾ ಮೇಲಿರುವವರಿಗೆ, ಗ್ರೀನ್ ಕಾರ್ಡ್ ಇರುವವರಿಗೂ, ಅದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ.

ನಮ್ಮಲ್ಲಿ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ. ಸಣ್ಣ ತಪ್ಪಿಗೆ ಸಿಕ್ಕಿಬಿದ್ದವರನ್ನು ಮ್ಯಾಜಿಸ್ಟ್ರೇಟರು ಎಚ್ಚರಿಕೆ ಕೊಟ್ಟೋ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡಬಹುದು. ಹಾಗೆ ಬಿಟ್ಟಮೇಲೆ ಆ ಅಪರಾಧದಿಂದ ಬರುವ ಅನರ್ಹತೆ ಅವರಿಗೆ ತಟ್ಟಬಾರದು ಎಂದು ಅದರ 12ನೇ ಕಲಂ ಹೇಳುತ್ತದೆ. ಅಮೆರಿಕದ ರಾಜ್ಯಗಳಲ್ಲೂ ಇಂಥ ಕರುಣೆಯ ದಾರಿಗಳುಂಟು. ತಪ್ಪೊಪ್ಪಿಕೊ, ಆರು ತಿಂಗಳು ನೆಟ್ಟಗಿರು, ತರಗತಿಗೆ ಹೋಗು, ಆಮೇಲೆ ಕೇಸು ವಜಾ. ರಾಜ್ಯದ ದಾಖಲೆಯಲ್ಲಿ ಅಪರಾಧವೇ ನಡೆದಿಲ್ಲ ಎಂಬಂತಾಗುತ್ತದೆ. ವಲಸೆ ಕಾನೂನು ಇದನ್ನು ಒಪ್ಪುವುದಿಲ್ಲ. ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಂಡು, ಅವರು ಯಾವುದೋ ಒಂದು ಕಟ್ಟುಪಾಡು ಹಾಕಿದ್ದರೆ ಸಾಕು, ಅದರ ಲೆಕ್ಕದಲ್ಲಿ ಅಪರಾಧ ಸಾಬೀತಾದಂತೆಯೇ. ನಡತೆ ಸುಧಾರಿಸಿತೆಂದು ಆಮೇಲೆ ದಾಖಲೆ ಅಳಿಸಿದರೂ ವಲಸೆ ಅಧಿಕಾರಿಗೆ ಅದು ಅಳಿಸಿಲ್ಲ. ರಾಜ್ಯದ ನ್ಯಾಯಾಲಯ ‘ಹೋಗು, ಮುಗಿಯಿತು’ ಎಂದು ಮನಸಾರೆ ಹೇಳಿ ಕಳಿಸಿದವರನ್ನು ಒಕ್ಕೂಟದ ಇಲಾಖೆ ವರ್ಷಗಳ ನಂತರ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹಿಡಿದು ನಿಲ್ಲಿಸುತ್ತದೆ.

ಅಂಗಡಿ ಕಳ್ಳತನದ ಮಾತಿಗೆ ಬರೋಣ. 2025ರ ಜುಲೈನಲ್ಲಿ, ಭಾರತದಿಂದ ಹೋಗಿದ್ದ ಮಹಿಳೆಯೊಬ್ಬರು ದೊಡ್ಡ ಮಳಿಗೆಯಲ್ಲಿ ಬಿಲ್ ಮಾಡಿಸದೆ ಸಾಮಾನು ಹೊರತಂದು ಸಿಕ್ಕಿಬಿದ್ದ ವಿಡಿಯೊ ಎಲ್ಲರ ಫೋನಿನಲ್ಲೂ ಹರಿದಾಡಿತು. ಜನ ನೋಡಿ ನಕ್ಕರು, ಬೈದರು, ಮುಂದಕ್ಕೆ ಕಳಿಸಿದರು. ಅದೇ ಜುಲೈನಲ್ಲಿ ದೆಹಲಿಯ ಅಮೆರಿಕ ರಾಯಭಾರ ಕಚೇರಿ, ಹಲ್ಲೆ, ಕಳ್ಳತನ, ಮನೆಗಳವು ಮಾಡಿದರೆ ವೀಸಾ ರದ್ದಾಗಬಹುದು, ಮುಂದೆಯೂ ಸಿಗದೆ ಹೋಗಬಹುದು ಎಂದು ಎಚ್ಚರಿಕೆ ಪ್ರಕಟಿಸಿತು. ಎಚ್ಚರಿಕೆ ಸುಳ್ಳಲ್ಲ. ಆದರೆ ಯಾವ ಕಳ್ಳತನಕ್ಕೆ ಏನಾಗುತ್ತದೆ ಎಂಬ ಲೆಕ್ಕ ಅದರಲ್ಲಿ ಇರಲಿಲ್ಲ.

ಕಳ್ಳತನ, ಅದು ಎಷ್ಟೇ ಸಣ್ಣದಿರಲಿ, ವಲಸೆ ಕಾನೂನಿನಲ್ಲಿ ಸಾಮಾನ್ಯವಾಗಿ ‘ನೈತಿಕ ಅಧಃಪತನ’ದ ಅಪರಾಧ. 1891ರ ಕಾನೂನಿನಲ್ಲಿ ಬಂದ ಈ ಪದಗಳಿಗೆ ಸಂಸತ್ತು ಇಂದಿಗೂ ವ್ಯಾಖ್ಯೆ ಬರೆದಿಲ್ಲ. 1951ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದು ತೀರಾ ಅಸ್ಪಷ್ಟ ಎಂಬ ವಾದ ಬಂದಾಗ ಬಹುಮತ ಒಪ್ಪಲಿಲ್ಲ; ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಭಿನ್ನಮತ ಬರೆದರು. ದೇಶದೊಳಗೆ ಪ್ರವೇಶ ಪಡೆದ ಐದು ವರ್ಷದೊಳಗೆ ಇಂಥ ಒಂದು ಅಪರಾಧ ಮಾಡಿ, ಅದಕ್ಕೆ ಒಂದು ವರ್ಷ ಅಥವಾ ಹೆಚ್ಚು ಶಿಕ್ಷೆ ವಿಧಿಸಲು ಅವಕಾಶವಿದ್ದರೆ, ಗಡೀಪಾರು ಮಾಡಬಹುದು. ವಿಧಿಸಿದ ಶಿಕ್ಷೆ ಎಷ್ಟು ಎಂದಲ್ಲ, ಎಷ್ಟು ವಿಧಿಸಬಹುದಿತ್ತು ಎಂಬುದು ಇಲ್ಲಿನ ಅಳತೆ. ಟೆಕ್ಸಾಸ್‌ನಲ್ಲಿ 750ರಿಂದ 2,500 ಡಾಲರ್‌ವರೆಗಿನ ಕಳ್ಳತನಕ್ಕೆ ಒಂದು ವರ್ಷದ ತನಕ ಜೈಲು ವಿಧಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ 950 ಡಾಲರ್‌ವರೆಗಿನದ್ದು ಸಾಮಾನ್ಯವಾಗಿ ಕಿರು ಕಳ್ಳತನ, ಗರಿಷ್ಠ ಆರು ತಿಂಗಳು. 800 ಡಾಲರಿನ ಅದೇ ಸಾಮಾನು ಹೂಸ್ಟನ್ನಿನಲ್ಲಿ ಕದ್ದವರು ದಂಡ ಕಟ್ಟಿ ಬಂದರೂ ಈ ಕಲಮಿಗೆ ಸಿಕ್ಕಿಬೀಳುತ್ತಾರೆ, ಸ್ಯಾನ್ ಹೋಸೆಯಲ್ಲಿ ಕದ್ದವರು ಸಿಕ್ಕಿಬೀಳುವುದಿಲ್ಲ. ನಿಮ್ಮ ಸಂಸಾರ ಒಂದು ದೇಶದಲ್ಲಿ ಉಳಿಯಬೇಕೋ ಬೇಡವೋ ಎಂಬುದು ನೀವು ಯಾವ ರಾಜ್ಯದ ಮಾಲಿನಲ್ಲಿದ್ದಿರಿ ಎಂಬುದರ ಮೇಲೆ ತೀರ್ಮಾನವಾಗುವುದನ್ನು ನ್ಯಾಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಈ ಅಳತೆಯ ಅಪಾಯ ಅರಿತು ಕೆಲವು ರಾಜ್ಯಗಳು ಒಂದೇ ಒಂದು ದಿನ ಕಡಿಮೆ ಮಾಡಿವೆ. ವಾಷಿಂಗ್ಟನ್ ರಾಜ್ಯ 2011ರಲ್ಲಿ, ಕ್ಯಾಲಿಫೋರ್ನಿಯಾ 2015ರಿಂದ, ನ್ಯೂಯಾರ್ಕ್ 2019ರಲ್ಲಿ ಕಿರು ಅಪರಾಧಗಳ ಗರಿಷ್ಠ ಶಿಕ್ಷೆಯನ್ನು 365 ದಿನದಿಂದ 364 ದಿನಕ್ಕೆ ಇಳಿಸಿದವು. ಆ ಒಂದು ದಿನದಿಂದ ಉಳಿದ ಕುಟುಂಬಗಳಿವೆ.

ಇಷ್ಟು ಹೊತ್ತು ಹೇಳಿದ್ದು ಅಪರಾಧ ಸಾಬೀತಾದವರ ಕಥೆ. ವಿದ್ಯಾರ್ಥಿಗಳ ಮಟ್ಟಿಗೆ ಅದೂ ಬೇಕಿಲ್ಲ ಎಂದು 2025ರ ಏಪ್ರಿಲ್ ತೋರಿಸಿತು. ವಿದೇಶಿ ವಿದ್ಯಾರ್ಥಿಗಳ ವಿವರವಿಡುವ ‘ಸೇವಿಸ್’ ಎಂಬ ಸರ್ಕಾರಿ ಗಣಕ ದಾಖಲೆಯಿಂದ 4,700ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಯನ್ನು ಕೆಲವೇ ವಾರಗಳಲ್ಲಿ ರದ್ದುಗೊಳಿಸಲಾಯಿತು. ಸುಮಾರು 13 ಲಕ್ಷ ವಿದ್ಯಾರ್ಥಿಗಳ ಹೆಸರನ್ನು ಪೊಲೀಸ್ ದತ್ತಾಂಶದ ಜೊತೆ ತಾಳೆ ಹಾಕಿದ್ದೆವು ಎಂದು ಅಧಿಕಾರಿಗಳೇ ನ್ಯಾಯಾಲಯದಲ್ಲಿ ಹೇಳಿದರು. ತಾಳೆಯಾದವರಲ್ಲಿ ಹಳೆಯ ಟ್ರಾಫಿಕ್ ಕೇಸಿನವರಿದ್ದರು, ಕೇಸು ವಜಾ ಆದವರಿದ್ದರು, ಬಂಧನವಾದರೂ ಆರೋಪವೇ ದಾಖಲಾಗದವರಿದ್ದರು. ಪದವಿ ಕೈಗೆ ಬರಲು ವಾರಗಳಷ್ಟೇ ಉಳಿದಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ ನ್ಯಾಯಾಲಯದ ತಡೆಯಾಜ್ಞೆಯಿಂದ ಉಳಿದುಕೊಂಡ. ಅಮೆರಿಕದ ವಲಸೆ ವಕೀಲರ ಸಂಘ ಕಲೆಹಾಕಿದ 327 ಪ್ರಕರಣಗಳಲ್ಲಿ ಅರ್ಧದಷ್ಟು ಭಾರತದ ವಿದ್ಯಾರ್ಥಿಗಳದ್ದೇ. ದೇಶದ ಉದ್ದಗಲಕ್ಕೂ ನ್ಯಾಯಾಧೀಶರು ತಡೆ ಕೊಟ್ಟಮೇಲೆ ಏಪ್ರಿಲ್ ಕೊನೆಗೆ ಸರ್ಕಾರ ದಾಖಲೆಗಳನ್ನು ಮರಳಿ ಸೇರಿಸಲು ಒಪ್ಪಿತು. ಅಷ್ಟರಲ್ಲಿ ಹೆದರಿ ಗಂಟುಮೂಟೆ ಕಟ್ಟಿ ಊರಿಗೆ ಬಂದವರಿಗೆ ಯಾರೂ ಏನೂ ಮರಳಿಸಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ವಿದೇಶಾಂಗ ಇಲಾಖೆ 6,000ಕ್ಕೂ ಹೆಚ್ಚು ವಿದ್ಯಾರ್ಥಿ ವೀಸಾ ರದ್ದು ಮಾಡಿದ್ದಾಗಿ ತಿಳಿಸಿತು. ಅವುಗಳಲ್ಲಿ ಸುಮಾರು 4,000 ಕಾನೂನು ಮುರಿದ ಕಾರಣಕ್ಕೆ ಎಂದಿತು.

ಕುಡಿದು ಗಾಡಿ ಓಡಿಸಿದ ಕೇಸನ್ನು ಅಲ್ಲಿ ‘ಡಿಯುಐ’ ಎನ್ನುತ್ತಾರೆ. ಬೇರೆ ಏನೂ ಸೇರದ ಒಂದು ಡಿಯುಐ ಗಡೀಪಾರಿಗೆ ದಾರಿಯಲ್ಲ. ಅದು ಹಿಂಸಾತ್ಮಕ ಅಪರಾಧವಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿದೆ. ಆದರೆ 2015ರ ನವೆಂಬರಿನಿಂದ, ಹಿಂದಿನ ಐದು ವರ್ಷದಲ್ಲಿ ಡಿಯುಐಗೆ ಬಂಧನವಾಗಿದ್ದರೆ ಅಷ್ಟರಿಂದಲೇ ವೀಸಾ ರದ್ದು ಮಾಡುವ ಅಧಿಕಾರ ದೂತಾವಾಸದ ಅಧಿಕಾರಿಗಿದೆ. ಕೇಸು ಆಮೇಲೆ ಬಿದ್ದುಹೋದರೂ ಸರಿ. ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಜನ ಎಡವುವುದು ಇಲ್ಲೇ. ವೀಸಾ ಎನ್ನುವುದು ಬಾಗಿಲು ದಾಟಲು ಕೊಟ್ಟ ಚೀಟಿ, ಒಳಗಿರುವ ಹಕ್ಕು ಬೇರೆ. ವೀಸಾ ರದ್ದಾದ ಇಮೇಲ್ ಬಂದರೂ ಸಾಮಾನ್ಯವಾಗಿ ಅಲ್ಲೇ ಇದ್ದು ಕೆಲಸ ಮುಂದುವರಿಸಬಹುದು. ತಂಗಿಯ ಮದುವೆಗೆಂದು ಊರಿಗೆ ಬಂದಾಗ ತೊಂದರೆ ಶುರು. ಮತ್ತೆ ವೀಸಾಗೆ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು, ನಿಗದಿತ ವೈದ್ಯರು ಕುಡಿತದ ಚಟವಿದೆಯೇ ಎಂದು ಪರೀಕ್ಷಿಸಬೇಕು, ವರದಿ ಹೋಗಬೇಕು, ಕಾಯಬೇಕು. ಅಲ್ಲಿ ಬಾಡಿಗೆ ಮನೆ, ಕಾರಿನ ಸಾಲ, ಶಾಲೆಗೆ ಹೋಗುವ ಮಗು. ಇಲ್ಲಿ ಅಪ್ಪನ ಮನೆಯ ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಯುವ ಮನುಷ್ಯ.

ಗಂಡ ಹೆಂಡಿರ ಜಗಳದ ವಿಚಾರವನ್ನು ಹೆಚ್ಚು ಎಚ್ಚರಿಕೆಯಿಂದ ಹೇಳಬೇಕು. ಹೆಂಡತಿಗೆ ಕೈ ಮಾಡುವುದು ಸಣ್ಣ ಅಪರಾಧವಲ್ಲ, ಯಾವ ದೇಶದಲ್ಲೂ ಅಲ್ಲ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಪಕ್ಕದ ಮನೆಯವರು 911ಕ್ಕೆ ಫೋನ್ ಮಾಡಿ ಪೊಲೀಸರು ಬಂದರೆ, ಹೊಡೆದ ಗುರುತು ಕಂಡರೆ, ಒಬ್ಬರನ್ನು ಕರೆದುಕೊಂಡು ಹೋಗಿಯೇ ಹೋಗುತ್ತಾರೆ. ‘ನಮ್ಮ ಮನೆ ವಿಷಯ, ನಾವೇ ಸರಿಮಾಡಿಕೊಳ್ಳುತ್ತೇವೆ’ ಎಂದು ಹೆಂಡತಿ ಹೇಳಿದರೂ ಕೇಸು ಸರ್ಕಾರದ್ದು, ಅವಳದಲ್ಲ. ಕೌಟುಂಬಿಕ ಹಿಂಸೆಯ ಅಪರಾಧ ಸಾಬೀತಾದರೆ ಗಡೀಪಾರಿಗೆ ಅದೇ ಪ್ರತ್ಯೇಕ ಕಾರಣ. ಹತ್ತಿರ ಹೋಗಬಾರದೆಂಬ ರಕ್ಷಣಾ ಆದೇಶವಿದ್ದಾಗ ಅದರ ಹಿಂಸೆ, ಬೆದರಿಕೆ, ಕಿರುಕುಳ ತಡೆಯುವ ಭಾಗವನ್ನು ಮೀರಿದ್ದಾರೆಂದು ನ್ಯಾಯಾಲಯ ಕಂಡುಕೊಂಡರೆ, ಶಿಕ್ಷೆಯಾಗದಿದ್ದರೂ ಸಾಕು.

ಇದರ ಭಾರ ಕೊನೆಗೆ ಬೀಳುವುದು ಹೊಡೆತ ತಿಂದವಳ ಮೇಲೆ. ಎಚ್-4 ವೀಸಾದಲ್ಲಿರುವ ಹೆಂಡತಿಯ ಇರುವಿಕೆ ಗಂಡನ ಎಚ್-1ಬಿ ಉದ್ಯೋಗ ವೀಸಾಗೆ ಕಟ್ಟಿದ್ದು. ಅವನು ಹೋದರೆ ಅವಳೂ ಹೋಗಬೇಕು, ಮಗುವಿನ ಓದೂ ನಿಲ್ಲುತ್ತದೆ. ಅದಕ್ಕೇ ಅವಳು ಫೋನ್ ಎತ್ತುವುದಿಲ್ಲ. ಕಾನೂನು ಗಂಡನ ಮೇಲೆ ಕಟುವಾದಷ್ಟೂ ಅವಳ ಬಾಯಿ ಮುಚ್ಚುತ್ತದೆ. ಅವಳಿಗೂ ದಾರಿಗಳಿವೆ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಮದುವೆಗೆ ಮೊದಲೇ ಹೇಳಿ ಕಳಿಸಬೇಕು. ಅಪರಾಧಕ್ಕೆ ಬಲಿಯಾಗಿ ತನಿಖೆಗೆ ನೆರವಾದವರಿಗೆ ‘ಯು ವೀಸಾ’ ಇದೆ. ವರ್ಷಕ್ಕೆ 10,000 ಎಂಬ ಮಿತಿಯಿರುವುದರಿಂದ ಕಾಯುವಿಕೆ ದೀರ್ಘ, ಆದರೂ ಇದೆ. ಗಂಡ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್‌ದಾರನೋ ಆಗಿದ್ದರೆ ಅವನಿಗೆ ತಿಳಿಯದಂತೆ ಹೆಂಡತಿ ತನ್ನ ಗ್ರೀನ್ ಕಾರ್ಡಿಗಾಗಿ ತಾನೇ ಅರ್ಜಿ ಹಾಕಬಹುದು.

ಗಾಂಜಾದ ಬಲೆ ಇನ್ನೊಂದು ಬಗೆಯದು. ಕ್ಯಾಲಿಫೋರ್ನಿಯಾದಲ್ಲೋ ವಾಷಿಂಗ್ಟನ್‌ನಲ್ಲೋ ಬೋರ್ಡು ಹಾಕಿಕೊಂಡ ಅಂಗಡಿಯಲ್ಲಿ ತೆರಿಗೆ ಸಮೇತ ಅದನ್ನು ಮಾರುತ್ತಾರೆ. ಸಹೋದ್ಯೋಗಿಗಳು ಕೊಳ್ಳುತ್ತಾರೆ, ಪೊಲೀಸರು ತಿರುಗಿ ನೋಡುವುದಿಲ್ಲ. ಆದರೆ ವಲಸೆ ನಡೆಯುವುದು ಒಕ್ಕೂಟದ ಕಾನೂನಿನಂತೆ. ಅಲ್ಲಿ ಅದು ಇನ್ನೂ ನಿಷಿದ್ಧ. ಗ್ರೀನ್ ಕಾರ್ಡ್ ಇದ್ದವರು ಸ್ವಂತ ಬಳಕೆಗೆ 30 ಗ್ರಾಂವರೆಗೆ ಇಟ್ಟುಕೊಂಡ ಒಂದೇ ಒಂದು ಕೇಸಿಗೆ ಗಡೀಪಾರಿನಿಂದ ವಿನಾಯಿತಿಯಿದೆ. ಅದೇ ಮನುಷ್ಯ ಊರಿಗೆ ಬಂದು ಮರಳಿ ಹೋಗುವಾಗ ಪ್ರವೇಶದ ನಿಯಮ ಅನ್ವಯವಾಗುತ್ತದೆ, ಅಲ್ಲಿ ಆ ವಿನಾಯಿತಿ ಇಲ್ಲ. ಶಿಕ್ಷೆಯಾಗಿರಬೇಕೆಂದೂ ಇಲ್ಲ, ಸೇದಿದ್ದೆ ಎಂದು ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಸಾಕಾಗಬಹುದು. ಕಾನೂನುಬದ್ಧ ಗಾಂಜಾ ಉದ್ಯಮದಲ್ಲಿ ಕೆಲಸ ಮಾಡಿದ್ದೂ ಪೌರತ್ವಕ್ಕೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ.

ಸರ್ಕಾರ ಎಷ್ಟು ಸಣ್ಣದನ್ನು ಹಿಡಿದು ಹೊರಟಿತ್ತು ಎಂಬುದಕ್ಕೆ ಸುಪ್ರೀಂ ಕೋರ್ಟಿನ ತೀರ್ಪುಗಳೇ ಸಾಕ್ಷಿ. 2010ರ ಒಂದು ಪ್ರಕರಣದಲ್ಲಿ ವೈದ್ಯರ ಚೀಟಿಯಿಲ್ಲದ ಒಂದೇ ಒಂದು ಗುಳಿಗೆ. 2013ರಲ್ಲಿ 1.3 ಗ್ರಾಂ ಗಾಂಜಾ. ಮೂರು ವರ್ಷದ ಮಗುವಾಗಿದ್ದಾಗ ಜಮೈಕಾದಿಂದ ಬಂದವನನ್ನು ಅದಕ್ಕಾಗಿ ಮಾದಕವಸ್ತು ಸಾಗಣೆದಾರನ ಸಾಲಿಗೆ ಸೇರಿಸಿದ್ದರು. 2015ರದ್ದು ಟ್ಯುನೀಷಿಯಾದಿಂದ ಬಂದು ಮಿಸೌರಿ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ವ್ಯಕ್ತಿಯದು. ಕಾನ್ಸಾಸ್‌ನಲ್ಲಿ ಪೊಲೀಸರ ವಶದಲ್ಲಿದ್ದಾಗ ಅವರ ಕಾಲುಚೀಲದಲ್ಲಿ ನಾಲ್ಕು ಗುಳಿಗೆ ಸಿಕ್ಕಿದವು. ಕೊನೆಗೆ ಅವರು ಒಪ್ಪಿಕೊಂಡ ಅಪರಾಧ ಗುಳಿಗೆಯದ್ದೂ ಅಲ್ಲ, ಅದನ್ನು ಬಚ್ಚಿಡಲು ಬಳಸಿದ ‘ಸಾಧನ’ದ್ದು, ಅಂದರೆ ಕಾಲುಚೀಲದ್ದು. 359 ದಿನದ ಅಮಾನತು ಶಿಕ್ಷೆ, ಹನ್ನೆರಡು ತಿಂಗಳ ನಿಗಾ ಆದಮೇಲೆ 2012ರಲ್ಲಿ ಅವರನ್ನು ಗಡೀಪಾರು ಮಾಡಿದರು. ಮೂರೂ ಪ್ರಕರಣಗಳಲ್ಲಿ ಕೋರ್ಟು ಸರ್ಕಾರದ ವಾದ ತಳ್ಳಿಹಾಕಿತು. ಸುಪ್ರೀಂ ಕೋರ್ಟಿನವರೆಗೆ ಹೋಗಲಾಗದೆ ವಿಮಾನ ಹತ್ತಿದವರ ತೀರ್ಪು ಎಲ್ಲೂ ಬರೆದಿಲ್ಲ.

ಇಷ್ಟೆಲ್ಲ ಕಠೋರತೆ ಒಂದು ಹಳೆಯ ನಿಲುವಿನ ಮೇಲೆ ನಿಂತಿದೆ. 1893ರಲ್ಲಿ, ಚೀನೀ ಕಾರ್ಮಿಕರ ಪ್ರಕರಣದಲ್ಲಿ, ಗಡೀಪಾರು ಎನ್ನುವುದು ಅಪರಾಧಕ್ಕೆ ಕೊಡುವ ಶಿಕ್ಷೆ ಅಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಶಿಕ್ಷೆ ಅಲ್ಲವಾದ್ದರಿಂದ ಸರ್ಕಾರದ ಖರ್ಚಿನಲ್ಲಿ ವಕೀಲರಿಲ್ಲ. ಹಿಂದಿನ ತಪ್ಪಿಗೆ ಹೊಸ ಕಾನೂನು ಅನ್ವಯಿಸಲು ಅಡ್ಡಿಯಿಲ್ಲ. ತಪ್ಪಿಗೂ ಪರಿಣಾಮಕ್ಕೂ ಅಳತೆ ಹೊಂದಬೇಕೆಂಬ ಕಟ್ಟಳೆಯಿಲ್ಲ. ಮನೆ, ಕೆಲಸ, ಮಕ್ಕಳನ್ನು ಬಿಡಿಸಿ, ಎಷ್ಟೋ ಸಲ ಭಾಷೆಯೂ ಬಾರದ ನಾಡಿಗೆ ಕಳಿಸುವುದು ಶಿಕ್ಷೆಯಲ್ಲದಿದ್ದರೆ ಮತ್ತೇನು? ಕಾನೂನು ಗೊತ್ತಿಲ್ಲದ ಯಾರನ್ನಾದರೂ ಕೇಳಿ ನೋಡಿ.

ಈ ಗೋಡೆಯಲ್ಲಿ ಒಂದು ಬಿರುಕು ಬಿಟ್ಟದ್ದು 2010ರ ಮಾರ್ಚ್ 31ರಂದು. ಹೋಸೆ ಪಡೀಯಾ ಹೊಂಡುರಾಸ್‌ನಲ್ಲಿ ಹುಟ್ಟಿದವರು, ಗ್ರೀನ್ ಕಾರ್ಡ್ ಪಡೆದು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿದ್ದವರು, ವಿಯೆಟ್ನಾಂ ಯುದ್ಧದಲ್ಲಿ ಆ ದೇಶದ ಸೈನ್ಯಕ್ಕೆ ದುಡಿದವರು. ಕೆಂಟಕಿಯಲ್ಲಿ ಅವರು ಓಡಿಸುತ್ತಿದ್ದ ಟ್ರಕ್ಕಿನಲ್ಲಿ ಗಾಂಜಾ ಸಿಕ್ಕಿತು. ಅದು ಸಣ್ಣ ಪ್ರಮಾಣವಲ್ಲ. ಇಷ್ಟು ವರ್ಷದಿಂದ ಇದ್ದೀರಲ್ಲ, ವಲಸೆಯ ಚಿಂತೆ ಬೇಡ ಎಂದು ಅವರ ವಕೀಲ ಹೇಳಿದ. ಆ ಮಾತು ನಂಬಿ ತಪ್ಪೊಪ್ಪಿಕೊಂಡರು, ಗಡೀಪಾರು ಎದುರಾಯಿತು. ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಬರೆದ 7-2ರ ತೀರ್ಪು, ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದೆಯೇ ಎಂದು ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲನ ಸಂವಿಧಾನಾತ್ಮಕ ಕರ್ತವ್ಯ ಎಂದಿತು. ಟ್ರಕ್ಕಿನ ಕೇಸಿನಿಂದ ಬಂದ ಈ ಹಕ್ಕು ಇಂದು ಅಂಗಡಿ ಕಳ್ಳತನದ ಆರೋಪ ಹೊತ್ತ ವಿದ್ಯಾರ್ಥಿನಿಗೂ ಸಲ್ಲುತ್ತದೆ. ಆದ್ದರಿಂದ ತಪ್ಪೊಪ್ಪಿಗೆಗೆ ಸಹಿ ಹಾಕುವ ಮೊದಲು ‘ನನ್ನ ವೀಸಾಗೆ ಏನಾಗುತ್ತದೆ?’ ಎಂದು ಕೇಳಬೇಕು, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕ್ರಿಮಿನಲ್ ವಕೀಲರಿಗೆ ತಿಳಿಯದಿದ್ದರೆ ವಲಸೆ ವಕೀಲರನ್ನು ಜೊತೆಗೆ ಕೂರಿಸಬೇಕು. ದುಡ್ಡು ಹೆಚ್ಚಾಗುತ್ತದೆ, ನಿಜ. ಎಷ್ಟೋ ಸಲ ಆರೋಪದ ಕಲಂ ಬದಲಿಸಿ, ಇಲ್ಲವೇ ಶಿಕ್ಷೆಯನ್ನು ಒಂದು ದಿನ ಕಡಿಮೆ ಬರೆಸಿ ಒಬ್ಬರ ಬದುಕು ಉಳಿಸುವುದು ಸಾಧ್ಯವಿದೆ. ಅದು ಸಾಧ್ಯವಿರುವುದು ಸಹಿಗೆ ಮೊದಲು.

ನಮ್ಮೂರ ಕೇಸುಗಳೂ ಈ ಲೆಕ್ಕದಿಂದ ಹೊರಗಿಲ್ಲ. ದೀಪಾವಳಿಗೆ ಅಂದರ್ ಬಾಹರ್ ಆಡುತ್ತಿದ್ದಾಗ ಪೊಲೀಸರು ಬಂದು, ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮಿನಡಿ ಕೇಸು ಹಾಕಿದಾಗ ದಂಡ ಕಟ್ಟಿ ಬಂದವರು ಬಹಳ ಮಂದಿ. ವೀಸಾ ಅರ್ಜಿ ಕೇಳುತ್ತದೆ: ಯಾವತ್ತಾದರೂ, ಯಾವುದೇ ಅಪರಾಧಕ್ಕೆ, ಬಂಧನವೋ ಶಿಕ್ಷೆಯೋ ಆಗಿದೆಯೇ? ಕ್ಷಮೆ ಸಿಕ್ಕಿದ್ದರೂ ಹೇಳಬೇಕು. ಏಜೆಂಟರು ‘ಇಲ್ಲ ಅಂತ ಹಾಕಿ ಸಾರ್’ ಎನ್ನುತ್ತಾರೆ. ಇಸ್ಪೀಟಿನ ಕೇಸಿನಿಂದ ವೀಸಾ ತಪ್ಪುವ ಸಂಭವ ಕಡಿಮೆ. ಅದನ್ನು ಮುಚ್ಚಿಟ್ಟ ಸುಳ್ಳು ಬಯಲಾದರೆ ಜೀವನಪೂರ್ತಿ ಪ್ರವೇಶ ನಿಷೇಧದ ತನಕ ಹೋಗಬಹುದು. ಪಾಸ್‌ಪೋರ್ಟಿನದ್ದೂ ಅಷ್ಟೆ. ಕ್ರಿಮಿನಲ್ ನ್ಯಾಯಾಲಯದಲ್ಲಿ ಕೇಸು ಬಾಕಿಯಿದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ನಿರಾಕರಿಸಬಹುದು, ಆದರೆ ಆ ನ್ಯಾಯಾಲಯದ ಅನುಮತಿ ತಂದರೆ ನಿಗದಿತ ಅವಧಿಗೆ ಕೊಡಲು 1993ರ ಅಧಿಸೂಚನೆಯಲ್ಲಿ ಅವಕಾಶವಿದೆ. ಹೇಳಿಕೊಂಡವರಿಗೆ ದಾರಿಯುಂಟು.

ಆಗಲೇ ಸಹಿ ಹಾಕಿ ಬಂದವರ ಮಾತೇನು? ಕ್ಯಾಲಿಫೋರ್ನಿಯಾ 2017ರಿಂದ, ವಲಸೆಯ ಪರಿಣಾಮ ಅರಿಯದೆ ಮಾಡಿದ ಹಳೆಯ ತಪ್ಪೊಪ್ಪಿಗೆಯನ್ನು ರದ್ದುಗೊಳಿಸಲು ಅರ್ಜಿ ಹಾಕುವ ಅವಕಾಶ ಕೊಟ್ಟಿದೆ. ಶಿಕ್ಷೆ ಮುಗಿದು ವರ್ಷಗಳಾಗಿದ್ದರೂ ಆಗುತ್ತದೆ. ಆದರೆ ‘ಈಗ ಒಳ್ಳೆಯವನಾಗಿದ್ದೇನೆ, ಕರುಣಿಸಿ’ ಎಂಬ ಕಾರಣಕ್ಕೆ ರದ್ದಾದ ಕೇಸನ್ನು ವಲಸೆ ನ್ಯಾಯಾಲಯಗಳು ಒಪ್ಪುವುದಿಲ್ಲ. ಅಂದಿನ ವಿಚಾರಣೆಯಲ್ಲೇ ಕಾನೂನಿನ ದೋಷವಿತ್ತು ಎಂದು ಆದೇಶದಲ್ಲಿ ಬರೆದಿರಬೇಕು. ಹಾಗಾಗಿ ಹಳೆಯ ಕೇಸು ತೆಗೆಸಲು ಹೊರಟವರು ಮೊದಲ ಭೇಟಿಯಲ್ಲೇ ವಕೀಲರ ಮುಂದೆ ಇಡಬೇಕಾದದ್ದು ಈಗಿನ ಸಂಬಳದ ಚೀಟಿ, ಸನ್ನಡತೆಯ ಪತ್ರಗಳನ್ನಲ್ಲ. ಅಂದು ಯಾವ ಕಾಗದಕ್ಕೆ ಸಹಿ ಹಾಕಿಸಿದರು, ವಕೀಲರು ವೀಸಾ ಬಗ್ಗೆ ಏನಾದರೂ ಹೇಳಿದ್ದರೇ, ಏನೂ ಹೇಳದೆ ಬಿಟ್ಟಿದ್ದರೇ, ಕನ್ನಡವೋ ಹಿಂದಿಯೋ ಬಲ್ಲ ದುಭಾಷಿಯನ್ನು ಕೊಟ್ಟಿದ್ದರೇ ಎಂಬ ವಿವರಗಳನ್ನು.